ಧರೆ ಕುಸಿಯುವ ಮೊದಲೇ ಅನುದಾನ ಕೇಳುವುದು ಹೇಗೆ?

ಪ್ರಶ್ನೆ: ಪಂಚಾಯಿತಿ ಸದಸ್ಯೆ, ಹೊಸನಗರ ತಾಲ್ಲೂಕು

ನಮ್ಮ ವಾರ್ಡಿನ ಹದಿನಾಲ್ಕು ಮನೆಗಳ ಹಿಂದೆ ಸುಮಾರು ಐದು ಮೀಟರ್ ಎತ್ತರದ ಧರೆ, ಅಂದರೆ ಗುಡ್ಡ ಕಡಿದು ಉಳಿದ ಮಣ್ಣಿನ ಗೋಡೆ, ಇದೆ. ಮನೆ ಕಟ್ಟುವಾಗ ಜೆಸಿಬಿಯಲ್ಲಿ ನೆಟ್ಟಗೆ ಕಡಿಸಿದ್ದು. ಈಗ ಮೇಲಿನ ಅಂಚಿನಿಂದ ಒಂದು ಮಾರು ಒಳಗೆ ಉದ್ದಕ್ಕೂ ಬಿರುಕು ಬಿಟ್ಟಿದೆ, ಬುಡದಲ್ಲಿ ಉಜರು (ಒಸರುವ ನೀರು) ಏಳುತ್ತಿದೆ. ಪ್ರಕೃತಿ ವಿಕೋಪದ ಹಣದಲ್ಲಿ ತಡೆಗೋಡೆ ಕಟ್ಟಿಸಿಕೊಡಿ ಎಂದು ಅರ್ಜಿ ಕೊಟ್ಟರೆ ‘ಹಾನಿ ಸಂಭವಿಸಿರುವುದಿಲ್ಲ’ ಎಂದು ಹಿಂಬರಹ ಬಂತು. ಹಾನಿಗೆ ಮೊದಲೇ ಹಣ ಕೊಡುವ ಬಾಬ್ತು ಇಲ್ಲವೇ? ಮಕ್ಕಳು ಶಾಲೆಗೆ ದಾಟುವ ಕಾಲುಸಂಕವನ್ನೂ ಅದರಲ್ಲೇ ಸೇರಿಸಬಹುದೇ?

ಉತ್ತರ: ಕಡತ ಬಲ್ಲವರು, ಶಿವಮೊಗ್ಗ

ಇದೆ ಮೇಡಂ. ನೀವು ಕೇಳಿದ ಲೆಕ್ಕಶೀರ್ಷಿಕೆ ಬೇರೆಯಾಯಿತು, ಅಷ್ಟೆ. 15ನೇ ಹಣಕಾಸು ಆಯೋಗವು 2021-26ರ ಅವಧಿಗೆ ರಾಜ್ಯದ ವಿಪತ್ತು ಹಣವನ್ನು ಎರಡು ಪಾಲು ಮಾಡಿತು. ಶೇ 80 ಎಸ್‌ಡಿಆರ್‌ಎಫ್, ಅಂದರೆ ರಾಜ್ಯ ವಿಪತ್ತು ಸ್ಪಂದನಾ ನಿಧಿ: ಆದ ಹಾನಿಗೆ ಪರಿಹಾರ, ರಕ್ಷಣೆ, ಪುನರ್ನಿರ್ಮಾಣ, ಸಿದ್ಧತೆ. ಉಳಿದ ಶೇ 20 ಎಸ್‌ಡಿಎಂಎಫ್, ಅಂದರೆ ರಾಜ್ಯ ವಿಪತ್ತು ಉಪಶಮನ ನಿಧಿ: ಮುಂದಾಗುವ ಹಾನಿ ತಗ್ಗಿಸಲು. ವಿಪತ್ತು ನಿರ್ವಹಣಾ ಕಾಯ್ದೆ 2005ರ 48ನೇ ಕಲಂನಲ್ಲಿ ಇದಕ್ಕೆ ಆಧಾರವಿದೆ. ನಿಮ್ಮ ಅರ್ಜಿಯಲ್ಲಿ ‘ಪರಿಹಾರ’ ಎಂಬ ಪದ ಬಂದರೆ ಮೊದಲನೆಯ ಕಡತಕ್ಕೇ ಹೋಗುತ್ತದೆ. ಅದಕ್ಕೇ ವಿಷಯದ ಸಾಲಿನಲ್ಲೇ ‘ವಿಪತ್ತು ಉಪಶಮನ ನಿಧಿಯಡಿ ಭೂಕುಸಿತ ಅಪಾಯ ತಗ್ಗಿಸುವ ಕಾಮಗಾರಿ ಪ್ರಸ್ತಾವನೆ’ ಎಂದು ಬರೆಯಿರಿ.

ಈ ನಿಧಿ ಇರುವುದು ಸಣ್ಣ, ಸ್ಥಳೀಯ, ಸಮುದಾಯ ಮಟ್ಟದ ಕೆಲಸಗಳಿಗೆ. ದೊಡ್ಡ ಪ್ರವಾಹ ದಂಡೆ, ಕಡಲ ತಡೆಗೋಡೆಯಂಥವನ್ನು ಮಾಮೂಲು ಯೋಜನೆಗಳಲ್ಲೇ ಮಾಡಬೇಕೆಂಬುದು ಆಯೋಗದ ನಿಲುವು. ಹದಿನಾಲ್ಕು ಮನೆಯ ಧರೆ ಇದಕ್ಕೆ ಹೇಳಿ ಮಾಡಿಸಿದ ಪ್ರಕರಣ.

ದಾರಿ ಹೀಗೆ: ಗ್ರಾಮಸಭೆಯ ಠರಾವು, ಪಿಡಿಒ ಪತ್ರ, ತಹಶೀಲ್ದಾರ್ ಮತ್ತು ತಾಲ್ಲೂಕು ಪಂಚಾಯಿತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಅವರ ಜಂಟಿ ಸ್ಥಳ ಪರಿಶೀಲನಾ ವರದಿ, ನಂತರ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ, ಅಲ್ಲಿಂದ ರಾಜ್ಯಕ್ಕೆ. ಠರಾವಿನಲ್ಲಿ ಸರ್ವೆ ನಂಬರ್, ಮನೆ ಮತ್ತು ಜನರ ಸಂಖ್ಯೆ, ಹಿಂದೆ ಯಾವ್ಯಾವ ವರ್ಷ ಮಣ್ಣು ಜಾರಿತ್ತು ಎಂಬುದು ಇರಲಿ. ಇದೇ ಕೆಲಸಕ್ಕೆ ಬೇರೆ ಯೋಜನೆಯಲ್ಲಿ ಹಣ ಪಡೆದಿಲ್ಲ ಎಂಬ ಪಿಡಿಒ ದೃಢೀಕರಣ ಬಿಟ್ಟುಹೋದರೆ ಕಡತ ವಾಪಸು ಬರುವುದು ಖಚಿತ. ಮಳೆ ನಿಂತ ಕೂಡಲೇ ಶುರುಮಾಡಿ. ಫೆಬ್ರುವರಿಯಲ್ಲಿ ಎದ್ದ ಕಡತಕ್ಕೆ ಮಂಜೂರಾತಿ ಬರುವಷ್ಟರಲ್ಲಿ ಮತ್ತೆ ಆಷಾಢ ಬಂದಿರುತ್ತದೆ.

ಉತ್ತರ: ಸಿವಿಲ್ ಎಂಜಿನಿಯರ್, ತೀರ್ಥಹಳ್ಳಿ

ಬರೀ ‘ತಡೆಗೋಡೆ’ ಎಂದು ಕೇಳಬೇಡಿ. ನಮ್ಮ ಕಡೆ ಮೇಲೆ ಜಂಬಿಟ್ಟಿಗೆ ಗಟ್ಟಿ ಇರುತ್ತದೆ, ಅದರ ಕೆಳಗೆ ಶೇಡಿ ಮಣ್ಣು, ಅಂದರೆ ಜೇಡಿಯಂಥ ಮೆತ್ತನೆಯ ಮಣ್ಣು. ಜಂಬಿಟ್ಟಿಗೆಯಲ್ಲಿ ಇಳಿದ ನೀರು ಶೇಡಿಯ ಮೇಲೆ ನಿಂತು ಅದನ್ನು ಮೆತ್ತಗಾಗಿಸುತ್ತದೆ, ಆಗ ಇಡೀ ಧರೆ ಜಾರುತ್ತದೆ. ನೀರಿಗೆ ದಾರಿ ಕೊಡದ ಗೋಡೆಯನ್ನು ಹಿಂದೆ ತುಂಬಿದ ನೀರೇ ನೂಕಿ ಬೀಳಿಸುತ್ತದೆ. ಆದ್ದರಿಂದ ಅಂದಾಜು ಪಟ್ಟಿಯಲ್ಲಿ ನೀರಿನ ಕೆಲಸವೇ ಮೊದಲು ಬರಲಿ.

ಬಿರುಕಿಗಿಂತ ಮೇಲೆ, ಗಟ್ಟಿ ನೆಲದಲ್ಲಿ, ಕಾಂಕ್ರೀಟ್ ಹಾಸಿದ ಅಡ್ಡ ಚರಂಡಿ. ಅದರ ನೀರು ಪಕ್ಕದ ಹಳ್ಳಕ್ಕೆ ಹೋಗಬೇಕು. ಬರೀ ಮಣ್ಣಿನ ಚರಂಡಿ ಮಾಡಿದರೆ ಅದೇ ನೀರನ್ನು ಧರೆಯೊಳಗೆ ಇಳಿಸುತ್ತದೆ. ಬುಡದಲ್ಲಿ ಗೇಬಿಯನ್, ಅಂದರೆ ತಂತಿ ಬಲೆಯ ಪೆಟ್ಟಿಗೆಯಲ್ಲಿ ಕಾಡುಗಲ್ಲು ತುಂಬಿದ ಗೋಡೆ, ಸೂಕ್ತ. ನೀರು ಅದರ ಸಂದಿಗಳಲ್ಲೇ ಬಸಿಯುತ್ತದೆ. ಕಲ್ಲು-ಸಿಮೆಂಟಿನ ಗೋಡೆಯೇ ಆದರೆ ಸುಮಾರು ಒಂದೂವರೆ ಮೀಟರಿಗೊಂದು 75-100 ಮಿ.ಮೀ. ಪೈಪು, ಹಿಂದೆ ಜಲ್ಲಿಯ ಪದರ ಇರಲೇಬೇಕು. ಇಳಿಜಾರನ್ನು ಮೆಟ್ಟಿಲಾಗಿ ಕಡಿದು ಲಾವಂಚ ನೆಡುವುದನ್ನೂ ಸೇರಿಸಿ.

ಉದ್ಯೋಗ ಖಾತ್ರಿಯಲ್ಲಿ ಧರೆಯ ಮೇಲ್ಭಾಗಕ್ಕೆ ಇಂಗುಗುಂಡಿ ತೆಗೆಸಬೇಡಿ. ಬಯಲುಸೀಮೆಗೆ ಒಳ್ಳೆಯದಾದ ಆ ಕೆಲಸವೇ ಇಲ್ಲಿ ಕುಸಿತ ತರುತ್ತದೆ.

ಇವತ್ತೇ ಮಾಡಬೇಕಾದ್ದು: ಬಿರುಕಿನ ಆಚೆ ಈಚೆ ಎರಡು ಗೂಟ ಹೊಡೆದು, ತಲೆಗೆ ಮೊಳೆ ಬಡಿದು, ಮೊಳೆಯಿಂದ ಮೊಳೆಗೆ ವಾರಕ್ಕೊಮ್ಮೆ ಅಳೆಯಿರಿ. ಟೇಪು, ದಿನಾಂಕ ಎರಡೂ ಕಾಣುವಂತೆ ಫೋಟೋ ತೆಗೆದಿಡಿ. ಆ ಪಟ್ಟಿ ಕಡತದಲ್ಲಿದ್ದರೆ ‘ಹಾನಿ ಇಲ್ಲ’ ಎಂದು ಬರೆಯುವುದು ಸುಲಭವಲ್ಲ. ಬಿರುಕಿಗೆ ಜೇಡಿಮಣ್ಣು ತುಂಬಿ ಟಾರ್ಪಾಲು ಹೊದಿಸಿ. ಉಜರು ಕೆಂಪಗೆ ಬರತೊಡಗಿದರೆ, ಮೇಲಿನ ಅಡಿಕೆ ಮರ ವಾಲಿದರೆ, ಮನೆ ಬಾಗಿಲು ಬಿಗಿಯಾದರೆ ಅನುದಾನಕ್ಕೆ ಕಾಯಬೇಡಿ. ರಾತ್ರಿಯಾದರೂ ಸರಿ, ಮನೆ ಬಿಟ್ಟು ತಹಶೀಲ್ದಾರರಿಗೆ ತಿಳಿಸಿ.

ಉತ್ತರ: ಸೊಪ್ಪಿನಬೆಟ್ಟ, ಸಾಗರ

ಅಂದಾಜು ಪಟ್ಟಿಗೂ ಮೊದಲು ಜಾಗ ಯಾರದ್ದು ನೋಡಿ. ಧರೆಯ ಮೇಲೆ ನಿಂತು ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರ್ ತೆಗೆದು ಪಹಣಿ ಪರಿಶೀಲಿಸಿ. ಮಲೆನಾಡಿನಲ್ಲಿ ಮನೆ ಗ್ರಾಮಠಾಣಾದಲ್ಲಿದ್ದು ಧರೆಯ ನೆತ್ತಿ ಅರಣ್ಯದಲ್ಲಿರುವುದು ಸಾಮಾನ್ಯ. ಚರಂಡಿ ಅಲ್ಲಿಗೆ ಬರುವುದಾದರೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಅರಣ್ಯ ಹಕ್ಕು ಕಾಯ್ದೆಯ 3(2) ಕಲಂನಲ್ಲಿ ಗ್ರಾಮಸಭೆಯ ಶಿಫಾರಸಿನ ಮೇಲೆ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ ಕೊಡಬಹುದು, ಆದರೆ ಅದರ ಹದಿಮೂರು ಸೌಲಭ್ಯಗಳ ಪಟ್ಟಿಯಲ್ಲಿ ರಸ್ತೆ, ಶಾಲೆ, ಕುಡಿಯುವ ನೀರು ಇವೆ, ಧರೆಗೆ ತಡೆಗೋಡೆ ಇಲ್ಲ. ಹಾಗಾಗಿ ಸಾಧ್ಯವಾದಷ್ಟು ಕೆಲಸ ಪಂಚಾಯಿತಿ ಜಾಗದೊಳಗೇ ಬರುವಂತೆ ನಕ್ಷೆ ಮಾಡಿಸಿ.

ಕಾಲುಸಂಕವನ್ನು ಇದಕ್ಕೆ ಸೇರಿಸಬೇಡಿ, ಎರಡೂ ನಿಂತುಬಿಡುತ್ತವೆ. ಅದಕ್ಕೆ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಗೆ ಅಥವಾ ಶಾಸಕರ ನಿಧಿಗೆ ಪ್ರತ್ಯೇಕ ಅರ್ಜಿ ಕೊಡಿ. ಹಳ್ಳದ ಅಗಲ, ಅತಿ ಹೆಚ್ಚು ನೀರು ಬಂದಾಗ ದಂಡೆಯ ಮರದಲ್ಲಿ ಉಳಿದ ಗುರುತಿನ ಎತ್ತರ, ದಾಟುವ ಮಕ್ಕಳ ಸಂಖ್ಯೆಗೆ ಶಾಲೆಯ ಮುಖ್ಯಶಿಕ್ಷಕರ ಸಹಿ, ಇವು ಮೂರನ್ನೂ ಅರ್ಜಿಗೆ ಲಗತ್ತಿಸಿ.