ಸಿಮ್ಯುಲೇಶನ್‌ನಲ್ಲಿ ವಿಕಾಸ ನಡೆಸಿದರೆ ಮನುಷ್ಯನಂಥ ಬುದ್ಧಿ ಹುಟ್ಟುತ್ತದಾ?

ತುಂಗಾತೀರ:
ನಮ್ಮ ಬುದ್ಧಿಯನ್ನು ಯಾರೂ ಕೂತು ಡಿಸೈನ್ ಮಾಡಲಿಲ್ಲ, ವಿಕಾಸವೇ ರೂಪಿಸಿತು. ಹಾಗಾದರೆ ಕಂಪ್ಯೂಟರ್ ಒಳಗೊಂದು ಜಗತ್ತು ಕಟ್ಟಿ, ಮರಿ ಹಾಕುವ, ಸಾಯುವ, ಪೀಳಿಗೆಗೊಂದಿಷ್ಟು ಬದಲಾಗುವ ಪ್ರೋಗ್ರಾಂಗಳನ್ನು ಅದರಲ್ಲಿ ಬಿಟ್ಟು ವರ್ಷಗಟ್ಟಲೆ ಓಡಿಸಿದರೆ ಅಲ್ಲೂ ಬುದ್ಧಿ ಹುಟ್ಟಬೇಕಲ್ವಾ? ಕಂಪ್ಯೂಟರ್ ಶಕ್ತಿ ಸಾಲದೇ ಇರುವುದೊಂದೇ ತೊಡಕಾ?

ಹಳೇಕೋಡು:
ಶಕ್ತಿ ಬೇಕು ನಿಜ, ಆದರೆ ತೊಡಕು ಅದೊಂದೇ ಅಲ್ಲ. ಥಾಮಸ್ ರೇ 1990ರ ಸುಮಾರಿಗೆ ಮಾಡಿದ ಟಿಯೆರಾ ಎಂಬ ಸಿಮ್ಯುಲೇಶನ್ ನೋಡಿ. ಮೊದಲು ಬಿಟ್ಟಿದ್ದು 80 ಸೂಚನೆಗಳ ಒಂದು ಪ್ರೋಗ್ರಾಂ, ತನ್ನನ್ನೇ ನಕಲು ಮಾಡಿಕೊಳ್ಳುವುದಷ್ಟೇ ಅದರ ಕೆಲಸ. ಅದರಿಂದಲೇ 45 ಸೂಚನೆಗಳ ಪರಾವಲಂಬಿಗಳು ಹುಟ್ಟಿದವು. ನಕಲು ಮಾಡುವ ಕೋಡ್ ಅವುಗಳಲ್ಲಿ ಇರಲಿಲ್ಲ, ಪಕ್ಕದ ಪ್ರೋಗ್ರಾಂನದ್ದನ್ನೇ ಬಳಸಿಕೊಂಡವು. ಆಮೇಲೆ ಅವುಗಳಿಗೆ ಬಗ್ಗದ ಪ್ರೋಗ್ರಾಂಗಳೂ ಬಂದವು. ಇದನ್ನೆಲ್ಲ ಯಾರೂ ಬರೆದಿರಲಿಲ್ಲ, ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ! ಆದರೆ ಆ ಜಗತ್ತಿನಲ್ಲಿ ಚಿಕ್ಕದಾಗಿದ್ದು ಬೇಗ ನಕಲಾದರೆ ಸಾಕು, ಬುದ್ಧಿಯಿಂದ ಏನೂ ಲಾಭವಿಲ್ಲ. ಹಾಗಿರುವಾಗ ಅದು ಯಾಕೆ ಬೆಳೆಯುತ್ತದೆ?

ಎಣಿಕೆಮನೆ:
ಇದಕ್ಕೆ ಒಳ್ಳೆಯ ಪುರಾವೆ ಅವಿಡಾ ಎಂಬ ಇಂಥದ್ದೇ ಇನ್ನೊಂದು ಸಿಮ್ಯುಲೇಶನ್‌ನಲ್ಲಿದೆ. ಲೆನ್ಸ್ಕಿ, ಒಫ್ರಿಯಾ, ಪೆನಾಕ್, ಅದಾಮಿ 2003ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದದ್ದು. ಎರಡು ಸಂಖ್ಯೆಗಳ ಬಿಟ್‌ಗಳು ಒಂದೇ ಆಗಿವೆಯಾ ಅಂತ ಹೋಲಿಸುವ ಕಷ್ಟದ ಕೆಲಸವನ್ನು ಪ್ರೋಗ್ರಾಂಗಳು ಕಲಿಯಬೇಕಿತ್ತು. ಅದಕ್ಕಿಂತ ಸುಲಭದ ಕೆಲಸಗಳಿಗೂ ಬಹುಮಾನ ಕೊಟ್ಟಾಗ 50 ಗುಂಪುಗಳಲ್ಲಿ 23 ಕಲಿತವು. ಕಷ್ಟದ ಕೆಲಸಕ್ಕೆ ಮಾತ್ರ ಬಹುಮಾನ ಇಟ್ಟಾಗ 50ರಲ್ಲಿ ಒಂದೂ ಕಲಿಯಲಿಲ್ಲ. ಮಧ್ಯದ ಮೆಟ್ಟಿಲು ಇಲ್ಲದಿದ್ದರೆ ಸುಮ್ನೆ ಓಡಿಸಿದರೆ ಸಾಲದು.

ತುಂಗಾತೀರ:
ಹಾಗಾದರೆ ಮೆಟ್ಟಿಲುಗಳನ್ನು ನಾವೇ ಇಟ್ಟರೆ ಆಯಿತಲ್ವಾ?

ಹಳೇಕೋಡು:
ಹೋಲಿಕೆಯ ಕೆಲಸಕ್ಕೆ ಇಡಬಹುದು. ಬುದ್ಧಿಗೆ ಯಾವ್ಯಾವ ಮೆಟ್ಟಿಲು ಬೇಕು ಅಂತ ಯಾರಿಗೆ ಗೊತ್ತು? ಮೇಲಾಗಿ ನಾವು ಇಟ್ಟ ಅಳತೆಯಲ್ಲೇ ಪ್ರೋಗ್ರಾಂಗಳು ಅಡ್ಡದಾರಿ ಹುಡುಕಿಕೊಳ್ಳುತ್ತವೆ. ಕಾರ್ಲ್ ಸಿಮ್ಸ್ 1994ರಲ್ಲಿ ಕಂಪ್ಯೂಟರ್ ಒಳಗೆ ಬೆಳೆಸಿದ ಜೀವಿಗಳಿಗೆ ವೇಗಕ್ಕೆ ಅಂಕ ಇತ್ತು, ಕೆಲವು ನಡೆಯುವುದನ್ನು ಬಿಟ್ಟು ಉದ್ದಕ್ಕೆ ಬೆಳೆದು ದೊಪ್ಪನೆ ಬಿದ್ದು ಆ ವೇಗ ಗಳಿಸಿದವು. ನನಗೆ ಜಾಸ್ತಿ ನಂಬಿಕೆ ಇರುವುದು 2019ರ ಪೋಯೆಟ್ ಎಂಬ ಪ್ರಯೋಗ ಹಿಡಿದ ದಾರಿಯ ಮೇಲೆ. ಅದರಲ್ಲಿ ನಡೆಯುವ ರೋಬಾಟ್ ಕಲಿಯುತ್ತಾ ಹೋದಂತೆ ನೆಲದ ಹಳ್ಳದಿಣ್ಣೆಗಳೂ ತಾವೇ ಬದಲಾಗುತ್ತವೆ, ಅಂದರೆ ಹೊಸ ಸಮಸ್ಯೆ ಹುಟ್ಟಿಸುವುದೂ ಸಿಮ್ಯುಲೇಶನ್‌ನದ್ದೇ ಕೆಲಸ.

ಎಣಿಕೆಮನೆ:
ಕೈಯಾರೆ ಮಾಡಿ ನೋಡಬೇಕೆಂದರೆ ಅವಿಡಾ-ಇಡಿ ಇದೆ, ಪಾಠಕ್ಕೆಂದೇ ಮಾಡಿದ್ದು, ಬ್ರೌಸರ್‌ನಲ್ಲೇ ಓಡುತ್ತದೆ. ಸುಲಭದ ಬಹುಮಾನಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋಗಿ, ಎಲ್ಲಿ ನಿಂತಿತು ಅಂತ ಇಲ್ಲೇ ಬರೆಯಿರಿ.