ಏಕಪಕ್ಷೀಯ ಡಿಕ್ರಿ ರದ್ದು ಮಾಡಿಸಿದವರು ಅನುಭವ ತಿಳಿಸಿ

ಪ್ರಶ್ನೆ: ನಮ್ಮ ತಂದೆಯವರ ನಿವೇಶನದಲ್ಲಿ ಪಾಯ ಅಗೆಯುವಾಗ ಪಕ್ಕದವರ ಗೋಡೆ ಕುಸಿದಿತ್ತು. ನಿರ್ಲಕ್ಷ್ಯದಿಂದ ನಷ್ಟವಾಯಿತೆಂದು ಅವರು ಪರಿಹಾರಕ್ಕೆ ದಾವೆ ಹೂಡಿದ್ದರಂತೆ. ಸಮನ್ಸ್ ಹೋದದ್ದು ನಾವು ಬಿಟ್ಟುಬಂದ ಬಾಡಿಗೆ ಮನೆಗೆ. ಅಮಲ್ಜಾರಿ ನೋಟಿಸ್ (ಡಿಕ್ರಿಯನ್ನು ಜಾರಿಗೆ ತರುವ ನೋಟಿಸ್) ಕೈಗೆ ಬಂದಾಗಲೇ ಏಕಪಕ್ಷೀಯ ಡಿಕ್ರಿ, ಅಂದರೆ ನಾವು ಹಾಜರಿಲ್ಲದೆ ತೀರ್ಪು, ಆಗಿರುವುದು ತಿಳಿಯಿತು. ಏನು ಮಾಡಬೇಕು?

ಉತ್ತರ: ಮೊದಲು ವಕೀಲರ ಮೂಲಕ ಮೂಲ ದಾವೆಯ ಕಡತ ನೋಡಿಸಿ. ನಮ್ಮ ಚಿಕ್ಕಪ್ಪನವರ ಪ್ರಕರಣವೂ ಇಂಥದ್ದೇ, ಅಲ್ಲಿ ಇಡೀ ವಿಷಯ ನಿಂತದ್ದು ಅಮೀನರ (ಸಮನ್ಸ್ ತಲುಪಿಸುವ ನ್ಯಾಯಾಲಯದ ಸಿಬ್ಬಂದಿಯ) ವರದಿಯ ಮೇಲೆ. ‘ಮನೆಯಲ್ಲಿ ಯಾರೂ ಇರಲಿಲ್ಲ, ಬಾಗಿಲಿಗೆ ಅಂಟಿಸಿದ್ದೇನೆ’ ಎಂದು ಎರಡು ಸಾಲು ಬರೆದಿದ್ದರು, ಅಷ್ಟೇ. ಮನೆ ಇದೇ ಎಂದು ತೋರಿಸಿದವರು ಯಾರು, ಯಾರ ಎದುರಿನಲ್ಲಿ ಅಂಟಿಸಲಾಯಿತು ಎಂಬ ವಿವರವೇ ಇರಲಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 5, ನಿಯಮ 17 ಈ ವಿವರಗಳನ್ನು ಕೇಳುತ್ತದೆ. ಆ ಪುಟದ ದೃಢೀಕೃತ ನಕಲನ್ನು ತಪ್ಪದೆ ತೆಗೆದುಕೊಳ್ಳಿ. ಅಂಚೆಯಲ್ಲಿ ಹಿಂತಿರುಗಿದ ಲಕೋಟೆಯ ಮೇಲಿನ ಷರಾವನ್ನೂ ಓದಿ. ‘ವಿಳಾಸದಲ್ಲಿ ಇಲ್ಲ’ ಎಂದಿದ್ದರೆ ನಿಮಗೆ ಬಲ, ‘ನಿರಾಕರಿಸಿದ್ದಾರೆ’ ಎಂದಿದ್ದರೆ ಉತ್ತರ ಕೊಡಬೇಕಾದದ್ದು ನೀವೇ.

ಡಿಕ್ರಿ ರದ್ದತಿಗೆ ಅರ್ಜಿ ಹಾಕುವುದು ಅದೇ ಸಂಹಿತೆಯ ಆದೇಶ 9, ನಿಯಮ 13ರ ಕೆಳಗೆ, ಡಿಕ್ರಿ ಕೊಟ್ಟ ನ್ಯಾಯಾಲಯದಲ್ಲೇ. ಅವಧಿ 30 ದಿನ. ಸಮನ್ಸ್ ಸರಿಯಾಗಿ ಜಾರಿಯಾಗಿಲ್ಲದಿದ್ದರೆ ಡಿಕ್ರಿಯ ವಿಷಯ ನಿಮಗೆ ತಿಳಿದ ದಿನದಿಂದ ಎಣಿಕೆ. ಆದ್ದರಿಂದ ಅಮಲ್ಜಾರಿ ನೋಟಿಸ್ ಕೈಸೇರಿದ ದಿನಾಂಕಕ್ಕೆ ಪುರಾವೆ ಜೋಪಾನ ಮಾಡಿ. ದಿನ ಮೀರಿದ್ದರೆ ಅವಧಿ ಕಾಯ್ದೆಯ (ಲಿಮಿಟೇಶನ್ ಆಕ್ಟ್) 5ನೇ ಕಲಮಿನಡಿ ವಿಳಂಬ ಮನ್ನಾ ಕೋರಿ ಇನ್ನೊಂದು ಅರ್ಜಿಯನ್ನು ಜೊತೆಗೇ ಕೊಡಬೇಕು. ಅದರಲ್ಲಿ ‘ಅನಾರೋಗ್ಯವಿತ್ತು’ ಎಂದು ಒಂದು ಮಾತಿನಲ್ಲಿ ಮುಗಿಸಬೇಡಿ, ಯಾವ ಅವಧಿಗೆ ಯಾವ ಕಾರಣ ಎಂದು ದಾಖಲೆಸಹಿತ ಹೇಳಿ. ವಿಳಾಸ ಬದಲಾದದ್ದಕ್ಕೆ ಬಾಡಿಗೆ ಕರಾರು, ಗ್ಯಾಸ್ ಪುಸ್ತಕ, ವಿದ್ಯುತ್ ಬಿಲ್ಲು ಸಾಕಾಗುತ್ತವೆ. ಅರ್ಜಿಯ ಜೊತೆಗಿನ ಪ್ರಮಾಣಪತ್ರ (ಅಫಿಡವಿಟ್) ತಂದೆಯವರದೇ ಇರಲಿ. ಪಾಟೀಸವಾಲು (ಎದುರು ಪಕ್ಷದ ವಕೀಲರ ಪ್ರಶ್ನೆಗಳು) ನಡೆದರೆ ಅವರೇ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ, ಈಗಿನಿಂದಲೇ ಧೈರ್ಯ ತುಂಬಿ.

ಮತ್ತೊಬ್ಬರ ಉತ್ತರ: ನಾನು ವಕೀಲರ ಕಚೇರಿಯಲ್ಲಿ ಗುಮಾಸ್ತೆ. ಜನ ಮರೆಯುವುದು ಒಂದನ್ನು: ರದ್ದತಿ ಅರ್ಜಿ ಹಾಕಿದ ಮಾತ್ರಕ್ಕೆ ಅಮಲ್ಜಾರಿ ನಿಲ್ಲುವುದಿಲ್ಲ. ತಡೆ ಕೇಳಿ ಬೇರೆ ಅರ್ಜಿ ಕೊಡಿ, ಅಮಲ್ಜಾರಿ ಪ್ರಕರಣದಲ್ಲೂ ವಕಾಲತ್ತು (ವಕೀಲರಿಗೆ ಕೊಡುವ ಅಧಿಕಾರಪತ್ರ) ಹಾಕಿಸಿ. ನ್ಯಾಯಾಲಯ ಖರ್ಚು ಕಟ್ಟಿ ಎನ್ನಬಹುದು, ಹಣ ಠೇವಣಿ ಇಡಿ ಎಂದೂ ಹೇಳಬಹುದು. ಅದಕ್ಕೆ ಸ್ವಲ್ಪ ದುಡ್ಡು ಒದಗಿಸಿಕೊಂಡಿರಿ. ಅರ್ಜಿ ತಿರಸ್ಕೃತವಾದರೆ ಆದೇಶ 43ರ ಕೆಳಗೆ ಮೇಲ್ಮನವಿ ಇದೆ.

ಇನ್ನೊಬ್ಬರು: ಮೇಲಿನದೆಲ್ಲ ಸರಿ, ಒಂದು ಎಚ್ಚರಿಕೆ ಸೇರಿಸುತ್ತೇನೆ. ವಿಚಾರಣೆಯ ದಿನಾಂಕ ತಂದೆಯವರಿಗೆ ಗೊತ್ತಿದ್ದು, ಹಾಜರಾಗಲು ಸಮಯವೂ ಇದ್ದಿದ್ದರೆ, ಸಮನ್ಸ್ ಜಾರಿಯಲ್ಲಿನ ಸಣ್ಣ ಲೋಪ ಕೈಹಿಡಿಯುವುದಿಲ್ಲ. ನಿಯಮ 13ರಲ್ಲೇ ಹಾಗೆ ಬರೆದಿದೆ. ಆಗ ಹಾಜರಾಗದಿದ್ದುದಕ್ಕೆ ಸಾಕಷ್ಟು ಕಾರಣವಿತ್ತೆಂದು ತೋರಿಸಬೇಕು. ಆದ್ದರಿಂದ ಪಕ್ಕದವರು ಎಂದಾದರೂ ಬಾಯಿಮಾತಿನಲ್ಲಿ ತಿಳಿಸಿದ್ದರೇ ಎಂದು ತಂದೆಯವರನ್ನು ಸಮಾಧಾನವಾಗಿ ಕೇಳಿ, ಇದ್ದದ್ದನ್ನು ವಕೀಲರಿಗೆ ಹೇಳಿ. ಏಕಪಕ್ಷೀಯ ಡಿಕ್ರಿಯ ಮೇಲೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 96ನೇ ಕಲಮಿನಡಿ ನೇರ ಮೇಲ್ಮನವಿಯೂ ಉಂಟು. ಆದರೆ ಅದು ತೀರ್ಮಾನವಾಗಿಬಿಟ್ಟರೆ ರದ್ದತಿ ಅರ್ಜಿಯ ಬಾಗಿಲು ಮುಚ್ಚುತ್ತದೆ. ಯಾವುದು ಮೊದಲು ಎಂಬುದನ್ನು ವಕೀಲರೊಡನೆ ಕುಳಿತು ನಿರ್ಧರಿಸಿ.

ಡಿಕ್ರಿ ರದ್ದಾದರೆ ದಾವೆ ಗೆದ್ದಂತಲ್ಲ, ಅದು ಮತ್ತೆ ನಡೆಯುತ್ತದೆ. ನಿರ್ಲಕ್ಷ್ಯವನ್ನು ಸಾಬೀತು ಮಾಡುವ ಹೊಣೆ ಪಕ್ಕದವರದೇ. ಅಗೆತ ಎಷ್ಟು ಆಳವಿತ್ತು, ಗೋಡೆಗೆ ಪಾಯ ಇತ್ತೇ, ಮೊದಲೇ ಬಿರುಕು ಬಿಟ್ಟಿತ್ತೇ ಎಂಬುದಕ್ಕೆ ಹಳೆಯ ಫೋಟೋಗಳನ್ನು ಹುಡುಕಿ, ಸಿವಿಲ್ ಎಂಜಿನಿಯರ್ ಒಬ್ಬರಿಂದ ವರದಿ ಬರೆಸಿ, ಲಿಖಿತ ಹೇಳಿಕೆಯನ್ನು (ದಾವೆಗೆ ನಿಮ್ಮ ಉತ್ತರವನ್ನು) ಈಗಲೇ ಸಿದ್ಧಪಡಿಸಿಟ್ಟುಕೊಳ್ಳಿ.