‘ರನ್ ಔಟ್’ ಸರಿ, ಅದರ ಹಿಂದೆ ಈ ‘ಆಫ್’ ಯಾಕೆ?

ಬೆರಳಚ್ಚು:
ದಿನವಿಡೀ ಇಂಗ್ಲಿಷ್ ಮೇಲ್ ಬರೆಯುವ ಕೆಲಸ ನನ್ನದು. ವ್ಯಾಕರಣ ತಕ್ಕಮಟ್ಟಿಗೆ ಬರುತ್ತದೆ. ತಲೆ ಕೆಡುವುದು ಕ್ರಿಯಾಪದಕ್ಕೆ ‘ಔಟ್’, ‘ಅಪ್’ ಥರದ ಪುಟ್ಟ ಪದ ಅಂಟಿಕೊಳ್ಳುವ ಈ ಫ್ರೇಸಲ್ ವರ್ಬ್‌ಗಳ ಹತ್ತಿರ ಬಂದಾಗ. ಸಹೋದ್ಯೋಗಿಯೊಬ್ಬರು ಒಂದೇ ಮೇಲ್‌ನಲ್ಲಿ ಹೀಗೆ ಬರೆದಿದ್ದಾರೆ: ‘ವಿ ರ್‍ಯಾನ್ ಔಟ್ ಆಫ್ ಟೋನರ್’. ಅದರ ಕೆಳಗೇ ‘ದ ಟೋನರ್ ರ್‍ಯಾನ್ ಔಟ್ ಆನ್ ಮಂಡೇ’. ಮೊದಲನೆಯದರಲ್ಲಿ ‘ಆಫ್’ ಇದೆ (ಒಂದೇ ಎಫ್ ಇರುವ ಆಫ್), ಎರಡನೆಯದರಲ್ಲಿ ಇಲ್ಲ. ಎರಡೂ ಸರಿಯಂತೆ! ‘ಕ್ಯಾಚ್ ಅಪ್ ವಿತ್’, ‘ಕ್ಯಾಚ್ ಅಪ್ ಆನ್’ ಎರಡನ್ನೂ ನೋಡಿದ್ದೇನೆ. ಪಟ್ಟಿ ಮಾಡಿ ಬಾಯಿಪಾಠ ಹೊಡೆಯಿರಿ ಅಂತ ಮಾತ್ರ ಹೇಳಬೇಡಿ. ಪಟ್ಟಿ ನನ್ನ ಹತ್ತಿರವೂ ಇದೆ. ‘ಬಿ’ ಮುಗಿಯುವಷ್ಟರಲ್ಲಿ ‘ಎ’ ಮರೆತಿರುತ್ತದೆ. ಕೊನೆಯ ಈ ಪುಟ್ಟ ಪದ ಯಾವಾಗ ಬರಬೇಕು, ಯಾವಾಗ ಬೇಡ ಎನ್ನುವುದಕ್ಕೆ ಏನಾದರೂ ಲೆಕ್ಕ ಇದೆಯಾ?

ಸುಮ್ನೆ_ಓದುವವ:
ಲೆಕ್ಕ ಗಿಕ್ಕ ಏನೂ ಇಲ್ಲ ಸರ್. ಜಾಸ್ತಿ ಓದಿ, ಜಾಸ್ತಿ ಕೇಳಿ. ತಾನಾಗಿಯೇ ಬರುತ್ತದೆ.

ಕಡ್ಡಿಪೆಟ್ಟಿಗೆ:
ತಾನಾಗಿಯೇ ಬರುತ್ತದೆ, ನಿಜ. ಆದರೆ ಮೇಲ್ ಇವತ್ತೇ ಹೋಗಬೇಕಲ್ವಾ? ಬೇರೆಯವರು ಬರೆದ ಇಂಗ್ಲಿಷ್ ತಿದ್ದಿ ಹೊಟ್ಟೆ ಹೊರೆಯುವವಳು ನಾನು. ಈ ಮೂರನೇ ಪದದ ಜೊತೆ ನನಗೆ ನಿತ್ಯವೂ ಜಗಳ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮೂರು ಪದಗಳನ್ನು ಒಂದೇ ಗಂಟು ಅಂದುಕೊಳ್ಳುವುದರಿಂದಲೇ ತೊಂದರೆ ಶುರು. ಮೊದಲ ಎರಡು ಒಂದು ಜೋಡಿ. ಮೂರನೆಯದು ಮುಂದೆ ಬರುವ ನಾಮಪದದ ಕಡೆಯದು. ‘ರನ್ ಔಟ್’ ಅಂದರೆ ಖಾಲಿಯಾಗು. ಟೋನರ್ರೇ ಕರ್ತೃವಾದರೆ ಮಾತು ಅಲ್ಲಿಗೇ ಪೂರ್ತಿ. ‘ವಿ’ ಕರ್ತೃವಾದರೆ ಏನು ಖಾಲಿಯಾಯಿತು ಅಂತ ಹೇಳಬೇಕು. ಅದನ್ನು ವಾಕ್ಯದೊಳಕ್ಕೆ ತರುವುದು ‘ಆಫ್’. ಟೋನರ್ ವಿಷಯ ಆಗಲೇ ನಡೆಯುತ್ತಿದ್ದರೆ ‘ಸಾರಿ, ವಿ ರ್‍ಯಾನ್ ಔಟ್’ ಅಂದರೂ ಸಾಕು. ನಾಮಪದ ಹೋಯಿತು, ‘ಆಫ್’ ಕೂಡ ಜೊತೆಗೇ ಹೋಯಿತು. ಕನ್ನಡದಲ್ಲಿ ಈ ಕೆಲಸ ವಿಭಕ್ತಿಯದು. ‘ನಾಯಿಗೆ ಹೆದರಿದ’, ‘ನಾಯಿಯನ್ನು ನಂಬಿದ’. ನಾಯಿಯ ಹೆಸರೆತ್ತದೆ ಬರೀ ‘ಗೆ ಹೆದರಿದ’ ಅಂತ ಯಾರೂ ಹೇಳುವುದಿಲ್ಲ.

ಹಾಗಾಗಿ ಜೋಡಿ ಅದೇ ಇದ್ದರೂ ಮುಂದೆ ಬರುವುದು ಯಾರು, ಏನು ಅನ್ನುವುದರ ಮೇಲೆ ಮೂರನೆಯದು ಬದಲಾಗುತ್ತದೆ. ‘ಕ್ಯಾಚ್ ಅಪ್ ವಿತ್’ ಆದಮೇಲೆ ಸಾಮಾನ್ಯವಾಗಿ ಜನ. ‘ಕ್ಯಾಚ್ ಅಪ್ ಆನ್’ ಆದಮೇಲೆ ಬಾಕಿ ಕೆಲಸ, ಸುದ್ದಿ, ನಿದ್ದೆ. ಕೆಲವು ಕಡೆ ಅರ್ಥವೇ ತಲೆಕೆಳಗಾಗುತ್ತದೆ. ‘ಸ್ಟ್ಯಾಂಡ್ ಅಪ್ ಫಾರ್ ಹರ್’ ಅಂದರೆ ಅವಳ ಪರ ನಿಲ್ಲು. ‘ಸ್ಟ್ಯಾಂಡ್ ಅಪ್ ಟು ಹರ್’ ಅಂದರೆ ಅವಳಿಗೆ ಎದುರು ನಿಲ್ಲು. ನಿಮ್ಮ ಕೆಲಸಕ್ಕೆ ತೀರಾ ಬೇಕಾದದ್ದು ಇನ್ನೊಂದಿದೆ: ‘ಐ ವಿಲ್ ಗೆಟ್ ಬ್ಯಾಕ್ ಟು ಯು’ ಅಂದರೆ ವಿಚಾರಿಸಿ ತಿಳಿಸುತ್ತೇನೆ. ಅಲ್ಲಿ ‘ಟು’ ಬದಲು ‘ಅಟ್’ ಹಾಕಿದರೆ ನಿಮ್ಮ ಮೇಲೆ ಸೇಡು ತೀರಿಸಿಕೊಳ್ಳುತ್ತೇನೆ ಅಂತಾಗುತ್ತದೆ. ಗ್ರಾಹಕರಿಗೆ ಕಳಿಸುವ ಮುನ್ನ ಇದೊಂದನ್ನು ನೋಡಿಕೊಳ್ಳಿ!

‘ಪುಟ್ ಅಪ್ ವಿತ್’, ‘ಡೂ ಅವೇ ವಿತ್’ ಥರದ ಮೊಂಡು ಗಿರಾಕಿಗಳೂ ಇವೆ. ಅಲ್ಲಿ ಜೋಡಿಯನ್ನು ಬಿಡಿಸಿ ನೋಡಿದರೆ ‘ಸಹಿಸಿಕೋ’, ‘ತೆಗೆದುಹಾಕು’ ಅನ್ನುವ ಅರ್ಥ ಸಿಗುವುದಿಲ್ಲ. ಅವನ್ನು ಮಾತ್ರ ಹಾಗೇ ಕಲಿಯಬೇಕು.

ಇನ್ನು ‘ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’. ಇದನ್ನು ತಿದ್ದಿ ತಿದ್ದಿ ಸಾಕಾಗಿದೆ. ಅದು ‘ಟು ಮೀಟಿಂಗ್ ಯು’. ಈ ‘ಟು’ ಪ್ರಿಪೊಸಿಷನ್, ಅದರ ಮುಂದೆ ನಾಮಪದ ಅಥವಾ ‘ಇಂಗ್’ ರೂಪವೇ ಬರಬೇಕು. ಅನುಮಾನ ಬಂದರೆ ‘ಇಟ್’ ಹಾಕಿ ನೋಡಿ. ‘ಐ ಲುಕ್ ಫಾರ್ವರ್ಡ್ ಟು ಇಟ್’ ನಿಲ್ಲುತ್ತದೆ. ‘ಐ ವಾಂಟ್ ಟು ಇಟ್’ ನಿಲ್ಲುವುದಿಲ್ಲ. ನಿಂತ ಕಡೆ ‘ಇಂಗ್’ ಹಾಕಿ.

ಹಾಂ, ‘ಕೋಪ್ ಅಪ್ ವಿತ್’ ಬೇಡ. ‘ಕೀಪ್ ಅಪ್ ವಿತ್’ ನೋಡಿ ನೋಡಿ ಇದಕ್ಕೂ ಒಂದು ‘ಅಪ್’ ಅಂಟಿಸುತ್ತಾರೆ. ಬರೀ ‘ಕೋಪ್ ವಿತ್’ ಸಾಕು.

ಮೂಲೆಮನೆ:
ಕಡ್ಡಿಪೆಟ್ಟಿಗೆ ಮೇಡಂ, ಒಂದು ತಕರಾರು. ನಾಮಪದ ಹೋದರೆ ಮೂರನೆಯದೂ ಹೋಗುತ್ತದೆ ಅಂದಿರಿ. ಹಾಗಾದರೆ ‘ವಾಟ್ ಡಿಡ್ ಯು ರನ್ ಔಟ್ ಆಫ್?’ ಇದರಲ್ಲಿ ‘ಆಫ್’ ಕೊನೆಯಲ್ಲಿ ಒಂಟಿಯಾಗಿ ನಿಂತಿದೆಯಲ್ಲ?

ಉಳಿದದ್ದು ಒಪ್ಪುತ್ತೇನೆ. ಕಿವಿಗೊಟ್ಟು ಕೇಳಿದರೂ ಗೊತ್ತಾಗುತ್ತದೆ. ‘ಪುಟ್ ಅಪ್ ವಿತ್ ಇಟ್’ ಅನ್ನುವಾಗ ಒತ್ತು ಬೀಳುವುದು ‘ಅಪ್’ ಮೇಲೆ, ‘ವಿತ್’ ಹಗುರವಾಗಿ ಜಾರಿಹೋಗುತ್ತದೆ. ಎರಡೇ ಪದ ಇದ್ದಾಗಲೂ ಹೀಗೇ. ‘ಪಿಕ್ ಇಟ್ ಅಪ್’ನಲ್ಲಿ ‘ಅಪ್’ ಜೋರು. ‘ಲುಕ್ ಅಟ್ ಇಟ್’ನಲ್ಲಿ ‘ಲುಕ್’ ಜೋರು, ‘ಅಟ್’ ಅರ್ಧ ನುಂಗಿದ ಹಾಗೆ. ‘ಇಟ್’ ಕೂರುವ ಜಾಗವೂ ಅದರಂತೆಯೇ. ‘ಪಿಕ್ ಅಪ್ ಇಟ್’ ಆಗದು, ‘ಲುಕ್ ಇಟ್ ಅಟ್’ ಕೂಡ ಆಗದು.

ಕಡ್ಡಿಪೆಟ್ಟಿಗೆ:
ಒಳ್ಳೆ ತಕರಾರು. ಅಲ್ಲಿ ನಾಮಪದ ಹೋಗಿಲ್ಲ ಸರ್, ‘ವಾಟ್’ ಆಗಿ ಮುಂದೆ ಬಂದು ಕೂತಿದೆ. ಅದರ ಸಾಲ ‘ಆಫ್’ ರೂಪದಲ್ಲಿ ಹಿಂದೆ ಉಳಿದಿದೆ. ವಾಕ್ಯದ ಕೊನೆಗೆ ಪ್ರಿಪೊಸಿಷನ್ ಬರಬಾರದು ಅಂತ ಹಳೇ ಮೇಷ್ಟರುಗಳು ಬೈಯುತ್ತಿದ್ದರಲ್ಲ, ಅದು ಇಂಗ್ಲಿಷಿನ ಜಾಯಮಾನಕ್ಕೇ ಒಗ್ಗದ ನಿಯಮ. ಅದನ್ನು ಅಣಕಿಸಲು ‘ಅಪ್ ವಿತ್ ವಿಚ್ ಐ ವಿಲ್ ನಾಟ್ ಪುಟ್’ ಅಂತ ಒಂದು ಮಾತಿದೆ. ಚರ್ಚಿಲ್ ಹೇಳಿದ್ದು ಅನ್ನುತ್ತಾರೆ, ಗಟ್ಟಿ ಆಧಾರವಿಲ್ಲ. ಯಾರೇ ಹೇಳಿರಲಿ, ಕೇಳಲು ಎಷ್ಟು ಕೆಟ್ಟದಾಗಿದೆ ನೋಡಿ!

ಸುಮ್ನೆ_ಓದುವವ:
ಅಂದಹಾಗೆ, ಹೊರಗಿನವರಿಗೆ ಇಂಗ್ಲಿಷಿನಲ್ಲಿ ಅತಿ ಕಷ್ಟದ ವಿಷಯ ಈ ಫ್ರೇಸಲ್ ವರ್ಬ್‌ಗಳೇ ಅಂತ ಸ್ಯಾಮ್ಯುಯೆಲ್ ಜಾನ್ಸನ್ 1755ರ ತಮ್ಮ ನಿಘಂಟಿನ ಮುನ್ನುಡಿಯಲ್ಲೇ ಬರೆದಿದ್ದಾರೆ. ನಮ್ಮ ತಪ್ಪೇನಿಲ್ಲ ಬಿಡಿ.

ಬೆರಳಚ್ಚು:
ಎಲ್ಲರಿಗೂ ಥ್ಯಾಂಕ್ಸ್. ಆ ‘ಇಟ್’ ಪರೀಕ್ಷೆ ಚೆನ್ನಾಗಿದೆ. ಒಂದೇ ಒಂದು ಕೊಸರು ಪ್ರಶ್ನೆ: ‘ಲಾಗ್ ಇನ್ ಟು’ ಬಿಡಿಸಿ ಬರೆಯಬೇಕಾ, ಸೇರಿಸಬೇಕಾ?

ಕಡ್ಡಿಪೆಟ್ಟಿಗೆ:
‘ಲಾಗ್ ಇನ್’ ಜೋಡಿ, ‘ಟು’ ಬೇರೆ. ಮೂರನ್ನೂ ಬಿಡಿಸಿ ಬರೆಯಿರಿ. ‘ಇನ್’, ‘ಟು’ ಸೇರಿಸಿ ಬರೆಯುವವರೂ ಬೇಕಾದಷ್ಟಿದ್ದಾರೆ, ನಾನು ಅದಕ್ಕೆ ಕೆಂಪು ಗೆರೆ ಎಳೆಯುವುದಿಲ್ಲ. ಆದರೆ ‘ಲಾಗಿನ್’ ಅಂತ ಒಂದೇ ಪದ ಮಾಡಿದರೆ ಅದು ನಾಮಪದ, ಕ್ರಿಯಾಪದದ ಜಾಗಕ್ಕೆ ಬೇಡ. ಮತ್ತೆ ಎಲ್ಲಾ ಕಡೆ ಸೇರಿಸಲು ಹೋಗಬೇಡಿ. ಕಳ್ಳ ‘ಟರ್ನ್ಡ್ ಹಿಮ್‌ಸೆಲ್ಫ್ ಇನ್ ಟು ದ ಪೊಲೀಸ್’ ಅಂದರೆ ಶರಣಾದ ಅಂತ. ‘ಇನ್‌ಟು’ ಅಂತ ಸೇರಿಸಿದಿರೋ, ಕಳ್ಳನೇ ಪೊಲೀಸ್ ಆಗಿಬಿಡುತ್ತಾನೆ.